ಅವಳ ಬದಿಯ ಬಾಗಿಲು

ಹಳೆಯ ಪಿಕಪ್ ಗಾಡಿಯ ಎಡಬಾಗಿಲಿನ ಒಳಹಲಗೆಯ ಕೊನೆಯ ಸ್ಕ್ರೂ ಬಿಚ್ಚಿದ್ದೇ ತಡ, ಒಂದು ಹಿಡಿ ತುಕ್ಕಿನ ಪುಡಿ ಯಜಮಾನನ ಮಡಿಲಿಗೆ ಸುರಿಯಿತು. ಟಾರ್ಚ್ ಹಾಕಿ ಇಣುಕಿದ. ಒಳಗಿನ ಹಿಡಿಯಿಂದ ಚಿಲಕಕ್ಕೆ ಹೋಗುವ ಕಂಬಿ ತುಕ್ಕು ತಿಂದು ಮುರಿದಿರಬೇಕು ಎಂದು ಇಪ್ಪತ್ತೆರಡು ವರ್ಷಗಳಿಂದ ಅವನು ನಂಬಿದ್ದ. ಕಂಬಿ ಗಟ್ಟಿಮುಟ್ಟಾಗಿತ್ತು. ಯಾರೋ ಅದನ್ನು ಕೊಕ್ಕೆಯಿಂದ ತಪ್ಪಿಸಿ, ಗಲಗಲ ಸದ್ದು ಮಾಡದಂತೆ ಬಟ್ಟೆಯ ಪಟ್ಟಿ ಸುತ್ತಿ, ಪಕ್ಕಕ್ಕೆ ಕಟ್ಟಿಟ್ಟಿದ್ದರು. ಗಂಟು ಸಡಿಲವಾಗದ ಹಾಗೆ ಅದರ ಮೇಲೆ ಎರಡು ಹೊಲಿಗೆ ಬೇರೆ.

ನಾಲ್ಕು ಲಕ್ಷ ಕಿಲೋಮೀಟರ್ ಓಡಿದ ಈ ಪಿಕಪ್ಪನ್ನು ಗುಜರಿಗೆ ಹಾಕು ಎಂದು ಹೇಳದವರಿಲ್ಲ. ಯಜಮಾನ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಮೂರು ತಿಂಗಳ ರಜಾದಿನಗಳನ್ನೆಲ್ಲ ಶೆಡ್ಡಿನಲ್ಲೇ ಕಳೆದಿದ್ದ. ಸಾಮಾನು ಹೇರುವ ಬಾಡಿಯ ತಳಕ್ಕೆ ಹೊಸ ತಗಡು ಹಾಕಿ ವೆಲ್ಡಿಂಗ್ ಮಾಡಿಸಿದ್ದ, ಎಂಜಿನ್ ಬಿಚ್ಚಿ ಜೋಡಿಸಿದ್ದ, ಉಪ್ಪುಕಾಗದ ತಿಕ್ಕಿ ತಿಕ್ಕಿ ಬೆರಳಿನ ಗೆರೆ ಸವೆಸಿಕೊಂಡಿದ್ದ. ಗಾಡಿಯ ನರನಾಡಿಯೆಲ್ಲ ತನಗೆ ಗೊತ್ತು ಎಂಬ ಜಂಬ ಅವನಿಗೆ. ಎಂಜಿನ್ ಒಂಚೂರು ಕೆಮ್ಮಿದರೂ ಯಾಕೆಂದು ಹೇಳಬಲ್ಲ. ಈ ಬಾಗಿಲನ್ನು ಮಾತ್ರ ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ. ಅದು ಹೆಂಡತಿ ಕೂರುವ ಬದಿ.

ಪಟ್ಟಿ ಮಾಸಿ ಮಣ್ಣಾಗಿದ್ದರೂ ಅದರ ಮೇಲಿನ ನೀಲಿ ಹಕ್ಕಿಗಳ ಗುರುತು ಸಿಕ್ಕಿತು. ಹೆಂಡತಿ ಪರದೆ ಹೊಲಿಯುವವಳು, ಅವನು ಕಿಟಕಿಗೆ ಪರದೆಯ ಸರಳು ಕೂರಿಸುವವನು. ಸಾವಿರ ಕಿಟಕಿ ಕಂಡ ಜೋಡಿ. ನೀಲಿ ಹಕ್ಕಿಯ ಬಟ್ಟೆ ಮಾತ್ರ ಹೋದದ್ದು ಒಂದೇ ಮನೆಗೆ, ಒಬ್ಬ ಹಲ್ಲಿನ ಡಾಕ್ಟರ ಮನೆಗೆ.

ಆ ಕಾಲದಲ್ಲಿ ಅವನು ಗಾಡಿ ನಿಲ್ಲಿಸಿದವನೇ ಸರಳುಗಳನ್ನು ಹೆಗಲಿಗೇರಿಸಿ ದಾಪುಗಾಲು ಹಾಕುತ್ತಿದ್ದ. ಹೆಂಡತಿ ಬಟ್ಟೆಯ ಗಂಟು ಹೊತ್ತು ಹಿಂದಿನಿಂದ ಓಡೋಡಿ ಬರುತ್ತಿದ್ದಳು. ಡಾಕ್ಟರ ಮನೆಯಲ್ಲಿ ಅವನು ಒಳಗೆ ಹೋಗಿ ಅಳತೆ ಹಿಡಿಯುತ್ತಿದ್ದಾಗ, ಕೆಲಸದವರು ಹಿತ್ತಿಲ ಬಾಗಿಲಿನಿಂದ ಬರಬೇಕೆಂದು ಹೇಳಿ ಮನೆಯವರು ಅವಳನ್ನು ಹೊರಗೇ ನಿಲ್ಲಿಸಿದ್ದರು. ವಾಪಸು ಬರುವಾಗ ಅವಳು ಗಾಡಿಯಲ್ಲಿ ಅದನ್ನು ಹೇಳಿದ್ದಳು.

"ನನ್ನನ್ನ ನಿಮ್ಮ ಕೆಲಸದವಳು ಅಂದ್ಕೊಂಡ್ರು ರೀ."

"ಒಳ್ಳೇದೇ ಆಯ್ತು ಬಿಡು, ಸಂಬಳ ಕೊಡೋ ತಾಪತ್ರಯ ಇಲ್ವಲ್ಲ" ಎಂದು ಅವನು ತನ್ನ ಹಾಸ್ಯಕ್ಕೆ ತಾನೇ ನಕ್ಕಿದ್ದ. ಅವಳು ನಕ್ಕಳೋ ಇಲ್ಲವೋ, ರಸ್ತೆ ನೋಡುತ್ತಿದ್ದವನಿಗೆ ತಿಳಿಯಲಿಲ್ಲ.

ಅದೇ ವಾರ ಬಾಗಿಲು ಕೆಟ್ಟಿತು. ಹೊರಗಿನಿಂದ ತೆಗೆದರುಂಟು, ಒಳಗಿನಿಂದ ಜಪ್ಪಯ್ಯ ಎಂದರೂ ತೆರೆಯದು. ಅಂದಿನಿಂದ ಅವನು ಗೊಣಗಿಕೊಂಡೇ ಗಾಡಿ ಸುತ್ತಿ ಬಂದು ಬಾಗಿಲು ತೆಗೆಯಬೇಕಾಯಿತು. ಅಷ್ಟು ದೂರ ಬಂದ ಮೇಲೆ ಗಂಟಿನ ಒಂದು ತುದಿ ಹಿಡಿಯದೆ ಇರಲಾದೀತೇ? ಹಿಡಿದ ಮೇಲೆ ಇಬ್ಬರೂ ಒಟ್ಟಿಗೇ ನಡೆಯಬೇಕು. ಮತ್ತೆಂದೂ ಯಾವ ಮನೆಯ ಹೊಸ್ತಿಲಲ್ಲೂ ಯಾರೂ ಅವಳನ್ನು ಕೆಲಸದವಳು ಎನ್ನಲಿಲ್ಲ. ಗಾಜು ಇಳಿಸಿ ಹೊರಗೆ ಕೈಹಾಕಿದ್ದರೆ ಬಾಗಿಲು ಸುಲಭವಾಗಿ ತೆರೆಯುತ್ತಿತ್ತು. ದಿನವಿಡೀ ಕಿಟಕಿಗಳ ಜೊತೆ ಏಗುವ ಹೆಂಗಸಿಗೆ ಇಷ್ಟೂ ಹೊಳೆಯಲಿಲ್ಲವಲ್ಲ ಎಂದು ಅವನು ಎಷ್ಟೋ ಸಲ ಒಳಗೊಳಗೇ ನಕ್ಕಿದ್ದುಂಟು. ಈಗ ಆ ನಗು ನೆನಪಾಗಿ ನಾಚಿಕೆಯಿಂದ ಮುಖ ಬಿಸಿಯಾಯಿತು.

"ಆ ಬಾಗಿಲನ್ನೂ ಬಿಚ್ಚಿದ್ರಾ?"

ಹೆಂಡತಿ ಟೀ ಲೋಟ ಹಿಡಿದು ಶೆಡ್ಡಿನ ಹೊರಗೆ ನಿಂತಿದ್ದಳು. ಅವನು ಪಟ್ಟಿಯನ್ನು ಸರಕ್ಕನೆ ಜೇಬಿಗೆ ತುರುಕಿಕೊಂಡ.

"ಬಿಚ್ಚಿದೆ. ಒಳಗೆಲ್ಲ ಬರೀ ತುಕ್ಕು."

"ಸರಿ ಹೋಗುತ್ತಾ?"

"ನೋಡ್ಬೇಕು."

ಅವಳು ಲೋಟವನ್ನು ಬಾನೆಟ್ಟಿನ ಮೇಲಿಟ್ಟು ಹೊರಟುಹೋದಳು. ಯಜಮಾನ ಬಹಳ ಹೊತ್ತು ಕಂಬಿ ಹಿಡಿದು ಕೂತ. ಇದ್ದ ಹಾಗೇ ಮತ್ತೆ ಕಟ್ಟಿಬಿಡುವುದು ಎರಡು ನಿಮಿಷದ ಕೆಲಸ. ಆದರೆ ಕಟ್ಟಿದರೆ, ಇನ್ನು ಮುಂದೆಯೂ ತಾನು ಸುತ್ತಿ ಬರುವುದು ಬಾಗಿಲು ಕೆಟ್ಟಿದೆ ಎಂಬ ಕಾರಣಕ್ಕೇ ಆಗುತ್ತದೆ. ಅದು ಅವನಿಗೆ ಬೇಡವಾಗಿತ್ತು. ಕಂಬಿಯನ್ನು ಕೊಕ್ಕೆಗೆ ಸಿಕ್ಕಿಸಿ, ಎಣ್ಣೆ ಬಿಟ್ಟು, ಒಳಗೆ ಕೂತು ಹಿಡಿ ಎಳೆದ. ಬಾಗಿಲು ಟಕ್ಕೆಂದು ತೆರೆದುಕೊಂಡಿತು. ಈ ವಿಷಯ ಅವನು ಹೆಂಡತಿಗೆ ಹೇಳಲಿಲ್ಲ.

ಹಸಿರು ಬಣ್ಣ ಬಳಿಸಿಕೊಂಡ ಪಿಕಪ್ಪು ಮುಂದಿನ ವಾರ ಇಬ್ಬರನ್ನೂ ಕೂರಿಸಿಕೊಂಡು ಹೊಸ ಗಿರಾಕಿಯ ಮನೆಯ ಮುಂದೆ ನಿಂತಿತು. ಯಜಮಾನ ಇಳಿದು ಸುತ್ತಿ ಬರಲು ಹೊರಟ. ಬಾನೆಟ್ಟಿನವರೆಗೆ ಬಂದಿದ್ದಾಗ ಆ ಟಕ್ ಎಂಬ ಸದ್ದು ಕೇಳಿತು. ಅವಳು ಒಳಗಿನ ಹಿಡಿಯನ್ನು ಎಳೆದು ನೋಡಿದ್ದಳು. ಬಾಗಿಲು ನಾಲ್ಕು ಬೆರಳಷ್ಟು ತೆರೆದಿತ್ತು.

ಅವಳು ಇಳಿದು ತನ್ನ ಪಾಡಿಗೆ ತಾನು ನಡೆದುಬಿಟ್ಟರೆ, ಬೇಡ ಎನ್ನಲು ಅವನಿಗೆ ಯಾವ ಮುಖವಿದೆ? ಟೈರ್ ನೋಡುವವನ ಹಾಗೆ ಮುಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು, ಸುಮ್ಮನೆ ನಟ್ಟುಗಳನ್ನು ಮುಟ್ಟತೊಡಗಿದ. ಮೂರನೆಯದನ್ನು ಮುಟ್ಟುವಾಗ ಬಾಗಿಲು ಮೆಲ್ಲಗೆ ಮುಚ್ಚಿಕೊಂಡ ಸದ್ದು ಕೇಳಿತು.

ಎದ್ದು ಹೋಗಿ ನೋಡಿದರೆ ಹೆಂಡತಿ ಗಂಟನ್ನು ಮಡಿಲಲ್ಲಿಟ್ಟುಕೊಂಡು, ನೇರ ಮುಂದೆ ನೋಡುತ್ತ ಕೂತಿದ್ದಾಳೆ. ಅವನು ಬಾಗಿಲು ತೆರೆದ.

"ಇಷ್ಟೆಲ್ಲ ರಿಪೇರಿ ಮಾಡಿ ಇದೊಂದನ್ನ ಹಾಗೇ ಬಿಟ್ಬಿಟ್ರಲ್ಲ" ಎಂದಳು.

"ಅದು ನನ್ನ ಕೈಲಿ ಆಗೋ ಕೆಲಸ ಅಲ್ಲ ಕಣೇ" ಎಂದು ಅವನು ಗಂಟಿನ ತನ್ನ ತುದಿಯನ್ನು ಹಿಡಿದುಕೊಂಡ.