ಬಿಳಿ ಉದುರುವ ಸೀಮೆ

“ಸಿಪಾಯಿ ಅಂತೆ, ಸಿಪಾಯಿ! ಹೆಂಡ್ತಿ ಕುಪ್ಸದ ತುಂಡು ತಲೆದಿಂಬಿನಾಗ ಇಟ್ಕಂಡು ಮಲಗ್ತಾನೆ ಇವ್ನು!”

ಊಟಕ್ಕೆ ಕೂತಿದ್ದ ಸಾಲೆಲ್ಲ ಘೊಳ್ಳೆಂದಿತು. ಜಗಳೂರು ಕಡೆಯ ಪಾಲಯ್ಯ ಆ ಹಸಿರು ತುಂಡನ್ನು ಬಾವುಟದ ಹಾಗೆ ಎತ್ತಿ ಆಡಿಸಿದ. “ನೋಡ್ರಪಾ, ಸರ್ಕಾರದ ನಿಶಾನಿ! ಒಂದು ಗುಂಡಾದ್ರೂ ಹಾರ್ಸಿದೀಯೇನಲೇ, ಭರಮ?”

ಭರಮಣ್ಣ ಎದ್ದ ರಭಸಕ್ಕೆ ತಟ್ಟೆ ಉರುಳಿತು. ಪಾಲಯ್ಯನ ಕುತ್ತಿಗೆಗೆ ಕೈ ಹಾಕಬೇಕು, ಅಷ್ಟರಲ್ಲಿ ಕೆಮ್ಮು ಬಂತು. ಮಂಡಿ ಹಿಡಿದು ಬಗ್ಗಿ ಕೆಮ್ಮಿದ. ಕೆಮ್ಮು ನಿಂತರೂ ಅವನ ಸಿಟ್ಟು ಇಳಿದಿರಲಿಲ್ಲ, ಅವರ ನಗು ನಿಂತಿರಲಿಲ್ಲ. ತುಂಡನ್ನು ಕಿತ್ತುಕೊಂಡು ಅಂಗಿಯೊಳಗೆ ತುರುಕಿಕೊಂಡ.

ಗುಂಡು ಯಾರ ಮೇಲೆ ಹಾರಿಸುವುದು? ಯುದ್ಧ ಮುಗಿದಿತ್ತು. ಕೊರಿಯಾದಲ್ಲಿ ಎರಡೂ ಕಡೆಯವರು ಕಾದಾಡಿ ಸುಸ್ತಾದ ಮೇಲೆ, ಕೈದಿಗಳನ್ನು ಕಾಯಲು ಹಿಂದೂಸ್ಥಾನದ ಪಡೆಯನ್ನು ಕರೆದಿದ್ದರು. ಹೋಗುವವರಲ್ಲಿ ಹರಿಹರದ ಭರಮಣ್ಣನೂ ಇದ್ದಾನೆಂದು ಗೊತ್ತಾದಾಗ ಊರಿಗೆ ಊರೇ ಎದೆಯುಬ್ಬಿಸಿತು. ಸಾಹುಕಾರ ಬಕ್ಕೇಶಪ್ಪನವರು ಸ್ಟೇಷನ್ನಿಗೇ ಬಂದು ಹಾರ ಹಾಕಿದರು. “ನಮ್ಮೂರ ಹುಲಿ ಕಣ್ರಯ್ಯ ಇದು!” ಎಂದರು. ಬಾಗಿಲಲ್ಲಿ ನಿಂತರೆ ನಾಯಿಯ ಹಾಗೆ ಅಟ್ಟುತ್ತಿದ್ದ ಬಾಯಲ್ಲೇ ಅವತ್ತು ಹುಲಿ!

ಅಂಜಿನವ್ವ ಜನರೆಲ್ಲ ಸರಿಯುವ ತನಕ ಕಾದಳು. ಮದುವೆಯಾದ ಮೇಲೆ ಅವಳು ಕಂಡಿದ್ದು ಒಂದೇ ಯುಗಾದಿ. ಆರತಿ ಎತ್ತಿದಳು. ಹಸಿರು ಕುಪ್ಪಸದ ಬಟ್ಟೆಯ ತುದಿ ಹರಿದು ಅವನ ಕೈಗಿಟ್ಟಳು.

“ಇಲ್ಲೇ ಇಳೀಬೇಕ್ರಿ ನೀವು. ಇದೇ ಜಾಗದಾಗ ಆರ್ತಿ ಎತ್ತಿ ಮನಿಗೆ ಕರ್ಕಂಡು ಹೋಗ್ತೀನಿ. ಅಲ್ಲೀತನ ನಾನು ತಲಿಗೆ ಹೂವ ಮುಡಿಯಂಗಿಲ್ಲ.”

“ಆತು.”

“ಅಲ್ಲಿ ಆಕಾಶದಿಂದ ಬೆಳ್ಳಗೆ ಉದುರ್ತೈತಂತೆ, ಖರೇನಾ?”

“ನೋಡ್ಕಂಡು ಬಂದು ಹೇಳ್ತೀನಿ ತಗಾ.”

ಮದರಾಸಿನ ಬಂದರಿನಲ್ಲಿ ಹಡಗು ಕಾಯುತ್ತಿತ್ತು. ಡಾಕ್ಟರು ಎಲ್ಲರ ಎದೆಗೂ ಕೊಳವೆಯಿಟ್ಟರು. ಅವನ ಎದೆಯನ್ನು ಕೊಂಚ ಹೆಚ್ಚು ಹೊತ್ತು ಕೇಳಿದರು. ಕಿಟಕಿಯಾಚೆ ಸಮುದ್ರ. ಇಷ್ಟು ನೀರು ದಾಟಿದರೆ ಮತ್ತೆ ತುಂಗಭದ್ರೆಯ ನೀರು ಯಾವತ್ತೋ ಎಂದು ಅವನು ಯೋಚಿಸುತ್ತಿದ್ದ.

ಈಗ ಬೆಳ್ಳಗೆ ಉದುರುತ್ತಿತ್ತು. ಹುಬ್ಬಿನ ಮೇಲೆ, ಮೀಸೆಯ ಮೇಲೆ, ಬಾಯಿ ತೆರೆದರೆ ನಾಲಿಗೆಯ ಮೇಲೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಎಲ್ಲರೂ ದುಡಿಯುತ್ತಿದ್ದರು. ಸಂಜೆಯಾದರೆ ಭರಮಣ್ಣನ ಮೈ ಗಡಗಡ ನಡುಗುತ್ತಿತ್ತು. ಸುತ್ತ ತಂತಿ ಬೇಲಿ, ಗೇಟಿನಲ್ಲಿ ಪಹರೆ. ಕೂಗು ಹೊಡೆದರೆ ಏಳು, ಕೂಗು ಹೊಡೆದರೆ ಉಣ್ಣು. ಹೊರಗೆ ಕಾಲಿಡಲು ಅವನಿಗೆ ಹೆದರಿಕೆ. ಯಾರ ಕಣ್ಣಿಗೆ ಬಿದ್ದರೆ ಏನು ಗತಿಯೋ.

ರೊಟ್ಟಿಯ ಸೀದ ಅಂಚನ್ನು ಮುರಿದು ತಾನು ತಿಂದು, ನಡುವಿನ ಮೆತ್ತನೆಯದನ್ನು ಅಂಜಿನವ್ವ ಅವನ ತಟ್ಟೆಗೆ ಹಾಕುತ್ತಿದ್ದಳು. ಇಲ್ಲಿ ಅಷ್ಟು ಜನರ ನಡುವೆ ಕೂತು ಉಣ್ಣುವಾಗ ಅವನಿಗೆ ನೆನಪಾಗುತ್ತಿದ್ದದ್ದು ಅದೊಂದೇ. ಅದನ್ನು ಯಾರಿಗೆ ಹೇಳುವುದು? ಪಾಲಯ್ಯನಿಗೆ?

ಊಟವಾದ ಮೇಲೆ ಮಗ್ಗುಲ ಚಾಪೆಯ ಅಬ್ದುಲ್ ರಹೀಮ್ ಬಂದು ಪಕ್ಕದಲ್ಲಿ ಕೂತ. ಭರಮಣ್ಣನ ಸಂಗತಿಯೆಲ್ಲ ಗೊತ್ತಿದ್ದವನು ಅವನೊಬ್ಬನೇ.

“ಕೊರಿಯಾ ಕೆಲ್ಸ ಖತಂ ಆತಂತೆ, ಭರಮಣ್ಣ. ಪಡೆಯೆಲ್ಲ ಊರಿಗೆ ಹೊಂಟೈತೆ. ಇನ್ನ ಯಾಕ ಇಲ್ಲಿ ಕುಂತೀಯ? ಹೋಗು. ಆಕಿಗೆ ಇದ್ದದ್ದು ಇದ್ದಂಗೆ ಹೇಳು.”

“ಹೆಂಗೆ ಹೇಳ್ಲಿ, ರಹೀಮಣ್ಣ?”

“ಹೆಂಡ್ತಿ ಏನು ಗುಂಡು ಹೊಡೀತಾಳಾ?”

“ಆಕಿ ಹೊಡಿಯಂಗಿಲ್ಲ. ಊರು ಹೊಡೀತೈತೆ.”

ಹಾರ ಹಾಕಿದ ಕೈಗಳಿಗೆ ಅದನ್ನು ಕಿತ್ತುಕೊಳ್ಳುವುದೂ ಗೊತ್ತು. ಆದರೂ ಮರುದಿನ ಸಂಜೆಯ ಕೂಗಿಗೆ ಭರಮಣ್ಣ ತನ್ನ ಗಂಟು ಕಟ್ಟಿದ. ಹಾಳಾಗಿ ಹೋಗಲಿ ಊರು. ಅವಳ ಮುಂದೆ ನಿಂತರೆ ಸಾಕು, ಬೈದರೂ ಸರಿ. ಮುಖ ತೊಳೆಯುತ್ತ ನಿಂತರೆ ಮನಸ್ಸು ಬದಲಾದೀತೆಂದು, ಬಾಯಿಗೆ ಕಟ್ಟಿದ ಬಟ್ಟೆಯನ್ನೂ ಬಿಚ್ಚದೆ ಇದ್ದ ಹಾಗೇ ಹೊರಟ. ಪಹರೆಯವನು ಗೇಟು ತೆರೆದ.

ಗೇಟಿನಾಚೆ ಒಂದು ಬಸ್ಸು ಗುರುಗುಟ್ಟುತ್ತ ನಿಂತಿತ್ತು. ಬಾಗಿಲಲ್ಲಿ ಕಂಡಕ್ಟರು ಕೊಟ್ಟೂರಪ್ಪ. ಭರಮಣ್ಣನದೇ ಓಣಿಯವನು, ಅವನ ಮದುವೆಯಲ್ಲಿ ಪಂಕ್ತಿಗೆ ಬಡಿಸಿದವನು. ಭರಮಣ್ಣ ಮೆಟ್ಟಿಲ ಮೇಲೆ ಕಾಲಿಟ್ಟ. ಕೊಟ್ಟೂರಪ್ಪ ಅವನ ಬಿಳಿಯ ತಲೆ, ಬಿಳಿಯ ಹುಬ್ಬು ನೋಡಿ ಕೈ ಚಾಚಿದ.

“ನಿಧಾನ, ಅಜ್ಜಾ, ನಿಧಾನ. ಹರಿಹರಕ್ಕೇನು? ಲಗೂನ ಹತ್ತು, ರೈಲಿಗಿಂತ ಮೊದ್ಲು ಮುಟ್ಬೇಕು ನಾವು. ಕೊರಿಯಾಕ್ಕೆ ಹೋಗಿದ್ದ ನಮ್ಮ ಓಣಿ ಸಿಪಾಯಿ ಇವತ್ತೋ ನಾಳೆಯೋ ಬರ್ತಾನೆ. ಆತನ ಹೆಂಡ್ತಿ ದಿನಾ ಆರ್ತಿ ತಟ್ಟೆ ಹಿಡ್ಕಂಡು ಸ್ಟೇಷನ್ನಾಗ ನಿಂತಿರ್ತಾಳೆ, ಪಾಪ. ಸಾಹುಕಾರ್ರು ಹಾರ ಬ್ಯಾರೆ ಹೇಳ್ಯಾರೆ.”

ಭರಮಣ್ಣ ಹುಬ್ಬು ಒರೆಸಿಕೊಂಡ. ಬೆರಳಿಗೆ ಹತ್ತಿಯ ಎಳೆ ಅಂಟಿತು. ಬೆನ್ನ ಹಿಂದೆ ಹತ್ತಿ ಬಿಡಿಸುವ ಜಿನ್ನಿಂಗ್ ಕಾರ್ಖಾನೆ ಮುಂದಿನ ಪಾಳಿಗೆ ಕೂಗುತ್ತಿತ್ತು. ಎದೆ ಕೆಟ್ಟಿದೆಯೆಂದು ಮದರಾಸಿನಿಂದಲೇ ವಾಪಸ್ ಅಟ್ಟಿದಾಗ, ಹಾರ ಹಾಕಿಸಿಕೊಂಡ ಜಾಗದಲ್ಲಿ ಇಳಿಯಲು ಮುಖವಿಲ್ಲದೆ, ಹರಿಹರ ಬರುವ ಮುಂಚೆಯೇ ಅವನು ಇಲ್ಲಿ ರೈಲಿಳಿದುಬಿಟ್ಟಿದ್ದ.

“ಏನಜ್ಜಾ, ಹಿಂಗೆ ನಿಂತೆ? ದಾವಣಗೆರೆಯಿಂದ ಹರಿಹರ ಒಂಬತ್ತೇ ಮೈಲಿ. ಬರ್ತೀಯೋ, ಇಲ್ಲೋ?”

ಭರಮಣ್ಣ ಮೆಟ್ಟಿಲಿಂದ ಕಾಲು ತೆಗೆದ. ಬೆಳ್ಳಗೆ ಉದುರುವ ಕಡೆಗೇ ನಡೆದುಬಿಟ್ಟ.