ಒರೆಸದೆ ಉಳಿಸಿದ ಸೀಟು

"ಮುಟ್ಟಿ ನೋಡಿ, ಹೆದರ್ಬೇಡಿ," ಎಂದ ಡ್ವೈಟ್. "ಅಸಲಿ ರಕ್ತ."

ಜನ ಮುಟ್ಟಿಯೇ ನೋಡಿದರು. ಬೆಣ್ಣೆ ಸುರಿಯುವ ಜೋಳದ ತೆನೆ ಕಡಿಯುತ್ತಿದ್ದ ಒಬ್ಬ ಕಾರಿನ ಸೀಟಿನ ಕಂದು ಕಲೆಯ ಮೇಲೆ ಬೆರಳಾಡಿಸಿದ. ಆಮೇಲೆ ಅದೇ ಬೆರಳಿನಿಂದ ತೆನೆ ಹಿಡಿದು ಮತ್ತೆ ಕಡಿದ. ಗುಂಪಿನ ಹಿಂದೆ ನಿಂತಿದ್ದ ಲೊರೀನಾ ಮುಖ ತಿರುಗಿಸಿದಳು.

ಅದು ಅವಳ ಗಂಡ ಎವರೆಟ್ ಓಡಿಸುತ್ತಿದ್ದ ಮಿಜೆಟ್ ರೇಸ್ ಕಾರು. ಒಬ್ಬನೇ ಕೂರುವ, ಸೊಂಟದೆತ್ತರಕ್ಕೂ ಬಾರದ ಪುಟ್ಟ ಗಾಡಿ. ನಲವತ್ತು ವರ್ಷದ ಹಿಂದೆ ಇಂಡಿಯಾನಾದ ಇದೇ ಊರಿನ ಮಣ್ಣಿನ ಟ್ರ್ಯಾಕಿನಲ್ಲಿ, ಇದೇ ಕಾರು ಮಗುಚಿ ಎವರೆಟ್ ಸತ್ತಿದ್ದ. ಈಗ ಟ್ರ್ಯಾಕಿನ ಒಳಗಿನ ಹುಲ್ಲಿನ ಮೇಲೆ ಹಳೆಯ ಮಿಜೆಟ್‌ಗಳ ಪ್ರದರ್ಶನ. ಉಳಿದವರ ಕಾರುಗಳು ಹೊಸ ಬಣ್ಣ ಬಳಿದುಕೊಂಡು ಮದುಮಕ್ಕಳ ಹಾಗೆ ನಿಂತಿದ್ದವು. ಡ್ವೈಟ್‌ನದು ಮಾತ್ರ ಸಿಕ್ಕಿದ ಸ್ಥಿತಿಯಲ್ಲೇ ಉಳಿಸಿದ ಕಾರುಗಳ ಸಾಲಿನಲ್ಲಿತ್ತು. ಆ ಸಾಲಿನಲ್ಲಿ ಒರೆಸಿದರೆ ಅಂಕ ಹೋಗುತ್ತದೆ. ಕೊಳೆಗೂ ಬಹುಮಾನ ಕೊಡುವ ಜನ!

"ಆಗ ಈ ಕಾರಿನ ಮಾಲೀಕ ಕ್ಲೆಮ್ ಅಂತ ಒಬ್ಬ ಇದ್ದ," ಡ್ವೈಟ್ ಜಾತ್ರೆಯ ಜಾದೂಗಾರನ ಗತ್ತಿನಲ್ಲಿ ಹೇಳುತ್ತಿದ್ದ. "ಅಪಘಾತ ಆದ್ಮೇಲೆ ಕಾರನ್ನ ಎಳ್ಕೊಂಡ್ಹೋಗಿ ನೀರು ತುಂಬಿದ ಹಳೇ ಕಲ್ಲುಗಣಿ ಹೊಂಡದ ಪಕ್ಕದ ಶೆಡ್ಡಲ್ಲಿ ಬಿಟ್ಟ. ಸಾವಾದ ಗಾಡಿ, ಅಪಶಕುನ ಅನ್ಕೊಂಡ್ನೋ ಏನೋ, ಕ್ಯಾಲಿಫೋರ್ನಿಯಾಕ್ಕೆ ಹೊರಟೇಹೋದ. ಆಗ ರೇಸಿನೋರೆಲ್ಲ ಚಳಿಗಾಲಕ್ಕೆ ಅಲ್ಲಿಗೇ ಹೋಗ್ತಿದ್ರು. ಅಣ್ಣ ಬರ್ತಾನೆ ಅಂತ ತಂಗಿ ಶೆಡ್ಡಿಗೆ ಬೀಗ ಹಾಕಿ ಕಾದೇ ಕಾದ್ಳು. ಒಂದು ಕಾಗದಾನೂ ಬರ್ಲಿಲ್ಲ. ಅವಳು ಸತ್ತ ಮೇಲೆ ಬೀಗ ಒಡೆದವನು ನಾನೇ. ಎಲ್ಲಾ ಇಟ್ಟಲ್ಲೇ ಇತ್ತು. ಚಕ್ರ ಬಿಚ್ಚೋ ಸೀಸದ ಸುತ್ತಿಗೆ ಒಂದು ಮಾತ್ರ ಇಲ್ಲ. ಯಾರ ಹತ್ರಾನಾದ್ರೂ ಅಂಥದ್ದಿದ್ರೆ ಹೇಳಿ."

ಅವನು ಬಗ್ಗಿ ಸ್ಟಿಯರಿಂಗಿನ ಸರಳು ತೋರಿಸಿದ. ಅದಕ್ಕೆ ತುಕ್ಕು ಹಿಡಿದ ತಂತಿ ಸುತ್ತಿತ್ತು. "ನೋಡಿ, ತಂತೀನೂ ಆಗಿಂದೇ!"

ಅದು ಯಾಕೆ ಸುತ್ತಿದ ತಂತಿ ಎಂದು ಲೊರೀನಾಗೆ ಗೊತ್ತಿತ್ತು. ಸ್ಟಿಯರಿಂಗ್ ಸಡಿಲವಾಗಿದೆ ಎಂದು ಎವರೆಟ್ ಗೋಗರೆದಿದ್ದ. ಹೊಸ ಸರಳು ಹಾಕಿಸಲು ಕೈ ಬಾರದ ಕ್ಲೆಮ್, ತಂತಿ ಸುತ್ತಿ, "ಹೆಂಗಸರ ಥರ ಆಡ್ಬೇಡ, ಹತ್ತು" ಎಂದಿದ್ದ. ಆ ಜಿಪುಣತನವೂ ಈಗ ಪ್ರದರ್ಶನದ ವಸ್ತು.

ಅವಳು ಜನರನ್ನು ಮೊಣಕೈಯಿಂದ ಸರಿಸಿ ಮುಂದೆ ಬಂದಳು.

"ನಾನು ಎವರೆಟ್ ಹೆಂಡ್ತಿ. ಆ ಸೀಟು ಕಿತ್ತು ಕೊಡಯ್ಯಾ. ಸುಟ್ಟುಬಿಡ್ತೀನಿ."

ಅವಳು ಯಾರೆಂದು ತಿಳಿದು ಡ್ವೈಟ್ ಇನ್ನಷ್ಟು ಹಿಗ್ಗಿದ. "ಅಯ್ಯೋ ಅಮ್ಮಾ, ಇದು ನಿಮ್ಮ ಯಜಮಾನ್ರ ನೆನಪು! ಇವತ್ತು ಬಹುಮಾನ ಬಂದ್ರೆ ನಾಳೆ ಮ್ಯೂಸಿಯಮ್ಮಿಗೆ ಹೋಗುತ್ತೆ. ಗಾಜಿನೊಳಗೆ, ಶಾಶ್ವತವಾಗಿ. ಬನ್ನಿ, ಪಕ್ಕದಲ್ಲಿ ನಿಂತ್ಕೊಳ್ಳಿ, ಒಂದು ಫೋಟೊ."

"ನಾಚಿಕೆ ಆಗಲ್ವಾ ನಿಂಗೆ? ಸಾಬೂನು ನೀರಾದ್ರೂ ಕೊಡು. ನಾನೇ ತೊಳೀತೀನಿ."

"ತೊಳೆದ್ರೆ ಇನ್ನೇನು ಉಳೀತಮ್ಮಾ ಇದ್ರಲ್ಲಿ?"

ಯಾರೋ ನಕ್ಕರು. ತೀರ್ಪುಗಾರ ಮರ್ಲ್ ಮೊದಲ ಬಹುಮಾನದ ನೀಲಿ ರಿಬ್ಬನ್ ಹಿಡಿದು ಬಂದ. ಮರ್ಲ್ ಅದೇ ಊರಿನವನು. ಅಂದು ಮಗುಚಿದ ಕಾರಿನ ಬಳಿಗೆ ಮೊದಲು ಓಡಿದವನೂ ಅವನೇ. ರಿಬ್ಬನ್ ಕಟ್ಟಿದರೆ ಮುಗಿಯಿತು, ಸೀಟು ಗಾಜಿನೊಳಗೆ ಸೇರುತ್ತದೆ. ಲೊರೀನಾ ಅವನ ತೋಳು ಹಿಡಿದಳು.

"ಮರ್ಲ್, ಈ ಹೊಲಸನ್ನ ನನ್ನ ಗಂಡನ ಹೆಸರಿಗೆ ಅಂಟಿಸ್ಬೇಡ. ಇದು ಎವರೆಟ್ ರಕ್ತ ಅಲ್ಲ. ಅವನ ಕತ್ತು ಮುರಿದಿತ್ತು, ಅಷ್ಟೆ. ಒಂದು ತೊಟ್ಟು ರಕ್ತ ಬಂದಿರ್ಲಿಲ್ಲ. ಅವತ್ತಿನ ಬಿಳಿ ಅಂಗಿ ಈಗ್ಲೂ ನನ್ನ ಪೆಟ್ಟಿಗೇಲಿದೆ. ನೀನೇ ಎತ್ತಿದ್ದಲ್ವಾ, ಹೇಳು."

ಮರ್ಲ್ ಕಲೆಯನ್ನು ನೋಡಿದ. ಅಂಥ ಕಲೆ ನಾಲ್ಕು ತೊಟ್ಟಿನಿಂದ ಆಗುವುದಲ್ಲ. "ಹೌದು ಕಣೇ," ಎಂದ ನಿಧಾನವಾಗಿ. "ಒಂದು ಗೀರೂ ಇರ್ಲಿಲ್ಲ. ಮಲಗಿದ ಹಾಗಿದ್ದ."

ಜನ ಗುಜುಗುಜು ಎಂದರು. ತೆನೆಯವನು ತನ್ನ ಬೆರಳು ನೋಡಿಕೊಂಡ. "ಕೋಳಿ ರಕ್ತ ಸುರಿದಿರ್ತಾನೆ, ಕಳ್ಳ!" ಎಂದು ಹಿಂದಿನಿಂದ ಒಬ್ಬ ಕೂಗಿದ.

ಮರ್ಲ್ ರಿಬ್ಬನ್ನನ್ನು ಜೇಬಿಗೆ ತುರುಕಿದ. "ನಕಲಿ ಕಲೆ ಇಟ್ಕೊಂಡು ಬಹುಮಾನ ಕೇಳ್ತೀಯಾ? ಸೀಟು ಬಿಚ್ಚು. ಆಯಮ್ಮನ ಕೈಗೆ ಕೊಡು."

ಲೊರೀನಾ ಕೈ ಚಾಚಿದಳು. ಅಂತೂ ಗೆದ್ದಿದ್ದಳು. ಸಂಜೆಗೆ ಹಿತ್ತಲಲ್ಲಿ ಬೆಂಕಿ ಹಾಕಿದರೆ ಆಯಿತು.

ಡ್ವೈಟ್‌ನ ಮುಖ ಕೆಂಪೇರಿತು. ಅವನು ಆಸೆಬುರುಕನಿರಬಹುದು, ಮಾನಗೆಟ್ಟವನಿರಬಹುದು. ಆದರೆ ಹಳೆಯ ಕಾರಿನ ವಿಷಯದಲ್ಲಿ ಸುಳ್ಳುಗಾರ ಎನಿಸಿಕೊಳ್ಳುವುದು ಅವನಿಂದ ಆಗದ ಮಾತು.

"ನಾನು ಒಂದು ಮೊಳೆ ಕೂಡ ಬದಲಾಯಿಸಿಲ್ಲ!" ಎಂದು ಕಿರುಚಿದ. "ಹೀಗೆ ಯಾರಾದ್ರೂ ಅಂತಾರೇಂತ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ಮಾಡಿಸಿದೀನಿ. ಕೋಳೀದಲ್ಲ, ಹಂದೀದಲ್ಲ. ಮನುಷ್ಯನದೇ ರಕ್ತ. ಬೀಗ ಒಡೆದ ದಿನ ಹೇಗಿತ್ತೋ ಹಾಗೇ ಇದೆ."

ಮರ್ಲ್ ಟೋಪಿ ತೆಗೆದ. ಮೊದಲು ಸೀಟನ್ನು ನೋಡಿದ, ಆಮೇಲೆ ಕೆಳಗಿನ ತಂತಿಯನ್ನು, ಕೊನೆಗೆ ಲೊರೀನಾಳ ಚಾಚಿದ ಕೈಯನ್ನು.

"ಹಾಗಾದ್ರೆ ಇದು ಯಾರದು, ಲೊರೀನಾ?"

ಎವರೆಟ್‌ನನ್ನು ಮಣ್ಣು ಮಾಡಿ ಬಂದ ಸಂಜೆ, ಆ ಶೆಡ್ಡಿನಲ್ಲಿ, ಕ್ಲೆಮ್‌ನನ್ನು ಆ ಸೀಟಿನಲ್ಲಿ ಕೂರಿಸಿ "ಸ್ಟಿಯರಿಂಗ್ ನೀನೇ ತಿರುಗಿಸಿ ನೋಡು" ಎಂದಾಗ, ಅವನ ಬೆನ್ನ ಹಿಂದೆ ನಿಂತಿದ್ದ ಅವಳ ಇದೇ ಕೈಯಲ್ಲಿ ಸೀಸದ ಸುತ್ತಿಗೆ ಇತ್ತು.