ಮತದಾರನ ಗಡ್ಡ

ಕ್ಷೌರಿಕ ನೊರೆ ತುಂಬಿದ ಬ್ರಷ್ಷನ್ನು ಇನ್ನೇನು ಗಲ್ಲಕ್ಕೆ ತಾಗಿಸಬೇಕು, ಅಷ್ಟರಲ್ಲಿ ಗುಮಾಸ್ತರು ಎಡಗೈಯಿಂದ ಅವನ ಮಣಿಕಟ್ಟು ಹಿಡಿದರು.

"ನಿನ್ನೆ ವಾರ್ಡ್ ಚುನಾವಣೆಗೆ ನಾಮಪತ್ರ ಕೊಟ್ಟು ಬಂದೆ ಅಲ್ವೇನೋ? ಇವತ್ತಿಂದ ನೀನು ಅಭ್ಯರ್ಥಿ, ನಾನು ಮತದಾರ. ಅಭ್ಯರ್ಥಿ ಮತದಾರನಿಗೆ ಪುಕ್ಕಟೆ ಏನು ಮಾಡಿದ್ರೂ ಅದು ಆಮಿಷ. ಎತ್ತು ನಿನ್ನ ಪೆಟ್ಟಿಗೆ."

ಕ್ಷೌರಿಕ ನಕ್ಕ. ಗುಮಾಸ್ತರು ನಗಲಿಲ್ಲ. ಮೂವತ್ತೈದು ವರ್ಷ ಕೋರ್ಟಿನಲ್ಲಿ ಕಡತ ಹೊತ್ತವರು; ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿದ್ದರೂ ಕಾನೂನಿನ ಕಲಮುಗಳು ನಾಲಿಗೆಯ ತುದಿಯಲ್ಲೇ ಇದ್ದವು. ಅವನ ಅಂಗಡಿಗೆ ಪರವಾನಗಿ ಸಿಗದೆ ಅಲೆಯುತ್ತಿದ್ದ ಕಾಲದಲ್ಲಿ ಕಾಸು ಮುಟ್ಟದೆ ಅರ್ಜಿ ಬರೆದುಕೊಟ್ಟವರು ಅವರೇ. ಅಂದಿನಿಂದ ಅವರ ಗಡ್ಡಕ್ಕೆ ಅವನು ದುಡ್ಡು ತೆಗೆದುಕೊಂಡವನಲ್ಲ. ಕಾಯಿಲೆ ಬಿದ್ದ ಮೇಲಂತೂ ಪ್ರತಿ ಭಾನುವಾರ ಮನೆಗೇ ಬರುತ್ತಿದ್ದ. ಈಗ ಅಂಗಡಿಯ ದರ ಕೊಡುತ್ತೇನೆ, ರಸೀದಿ ಹರಿ ಎಂದು ಗುಮಾಸ್ತರು ಹೇಳಿದಾಗ ಅವನ ಕಿವಿ ಬಿಸಿಯಾಯಿತು. ನಿಮ್ಮ ಹತ್ತಿರ ದುಡ್ಡು ಇಸಿದುಕೊಂಡು ಯಾವ ಮುಖ ಹೊತ್ತು ತಿರುಗಲಿ ಎಂದವನೇ ನೊರೆಯನ್ನು ಬಚ್ಚಲಿಗೆ ಚೆಲ್ಲಿ ಹೊರಟುಬಿಟ್ಟ.

ಇಬ್ಬರೂ ಪಟ್ಟು ಬಿಡುವವರಲ್ಲ. ಗಡ್ಡ ಬೆಳೆಯಿತು. ಪಕ್ಕದ ಬೀದಿಯವನನ್ನು ಕರೆಸಲೇ ಎಂದು ಸೊಸೆ ಕೇಳಿದರೆ, ಹೊಸ ಕತ್ತಿಗೆ ಕತ್ತು ಕೊಡುವ ವಯಸ್ಸೇನಮ್ಮ ಇದು ಎಂದರು. ಎದುರಾಳಿಯ ಕಡೆಯವರಿಗೆ ಅಷ್ಟೇ ಸಾಕಾಯಿತು. ಸ್ವಂತ ಗಿರಾಕಿಯ ಗಡ್ಡ ತೆಗೆಯಲಾಗದವನು ವಾರ್ಡಿನ ಕಸ ತೆಗೆಯುತ್ತಾನಾ ಎಂದು ಬೀದಿ ಬೀದಿಯಲ್ಲಿ ಆಡಿಕೊಂಡರು.

ಆದರೂ ಭಾನುವಾರ ಬಂದರೆ ಕ್ಷೌರಿಕ ಬರಿಗೈಯಲ್ಲಿ ಬಂದು ಅವರ ಮಂಚದ ಪಕ್ಕ ಕೂರುತ್ತಿದ್ದ. ಪ್ರಚಾರದ ಸಂಶಯಗಳನ್ನೆಲ್ಲ ಅವರ ಮುಂದೆ ಬಿಚ್ಚುತ್ತಿದ್ದ. ಕಬ್ಬಿಣದ ಅಂಗಡಿಯ ಸಾಹುಕಾರ ದಪ್ಪ ಲಕೋಟೆ ಕಳಿಸಿದ್ದಾನೆ ಎಂದಾಗ, ಒಬ್ಬ ಮನುಷ್ಯ ನಗದಾಗಿ ಇಷ್ಟೇ ದೇಣಿಗೆ ಕೊಡಬಹುದು ಎಂಬ ಮಿತಿ ಇದೆ, ಮೇಲಿನದ್ದನ್ನು ನಾಳೆಯೇ ವಾಪಸ್ ಮಾಡು ಎಂದರು ಗುಮಾಸ್ತರು. ಅವನು ಮಾಡಿದ. ಅದರ ಜೊತೆ ಬಾಡಿಗೆ ಜೀಪೂ ಹೋಯಿತು, ಮೈಕೂ ಹೋಯಿತು. ಉಳಿದದ್ದು ಅವನ ಎರಡು ಕಾಲು. ನೀವು ನನಗೆ ಪುಕ್ಕಟೆ ಬುದ್ಧಿ ಹೇಳುವುದು ದೇಣಿಗೆ ಅಲ್ಲವೇ ಎಂದು ಒಮ್ಮೆ ಕೆಣಕಿದ. ಬಾಯಿಮಾತಿಗೆ ಯಾವ ಕಾನೂನೂ ಬೆಲೆ ಕಟ್ಟಿಲ್ಲ ಎಂದು ಅವರು ಮಗ್ಗುಲು ಬದಲಿಸಿದರು.

ಮತದಾನದ ದಿನ ಸೊಸೆ ಅವರನ್ನು ಗಾಲಿಕುರ್ಚಿಯಲ್ಲಿ ಮತಗಟ್ಟೆಗೆ ತಳ್ಳಿಕೊಂಡು ಬಂದಳು. ಎದೆ ಮುಟ್ಟುವ ಬಿಳಿ ಗಡ್ಡ ಅಲ್ಲದಿದ್ದರೂ ಮುಖ ಮುಚ್ಚುವಷ್ಟಂತೂ ಇತ್ತು. ಎದುರಾಳಿಯ ಏಜೆಂಟ್ ಗುರುತಿನ ಚೀಟಿ ನೋಡಿ ಎದ್ದು ನಿಂತ. ಚಿತ್ರದಲ್ಲಿರುವವರು ಬೇರೆ, ಬಂದಿರುವವರು ಬೇರೆ ಎಂದು ಆಕ್ಷೇಪ ಹಾಕಿದ. ಮನೆಯವರ ಮಾತು ನಂಬುವಂತಿಲ್ಲ ಎಂದು ಸೊಸೆಯ ಬಾಯನ್ನೂ ಮುಚ್ಚಿಸಿದ. ಆಕ್ಷೇಪಿಸುವುದು ಅವರ ಹಕ್ಕು, ವಿಚಾರಣೆ ಆಗಲಿ ಎಂದು ಗುಮಾಸ್ತರೇ ತೀರ್ಪು ಕೊಟ್ಟರು. ಚೀಟಿಯನ್ನು ಎಡಗೈಯಿಂದ ಅಧಿಕಾರಿಯ ಮುಂದೆ ತಳ್ಳಿದರು. ಓಟು ಹಾಕುವ ಹಕ್ಕು ಬಂದಾಗಿನಿಂದ ಒಂದು ಚುನಾವಣೆಯನ್ನೂ ತಪ್ಪಿಸಿದವರಲ್ಲ ಅವರು.

ಬಾಗಿಲ ಬಳಿ ನಿಂತಿದ್ದ ಕ್ಷೌರಿಕನಿಗೆ ತಡೆಯಲಾಗಲಿಲ್ಲ. ಒಳಗೆ ಬಂದು ಅಧಿಕಾರಿಗೆ ಕೈಮುಗಿದ.

"ಚಿತ್ರ ನನಗೆ ತೋರಿಸಬೇಡಿ ಸಾರ್, ನೀವೇ ನೋಡ್ತಾ ಇರಿ. ಗಲ್ಲದ ಎಡಗಡೆ ಅರ್ಧ ಬೆರಳಿನಷ್ಟು ಗಾಯದ ಗುರುತಿದೆ, ಓರೆಯಾಗಿ."

ಅಧಿಕಾರಿ ಕನ್ನಡಕ ಏರಿಸಿ ಚೀಟಿ ನೋಡಿದರು. ಇತ್ತು. ಕ್ಷೌರಿಕ ಮೊಣಕಾಲೂರಿ ಕುಳಿತು, ಎರಡು ಬೆರಳಲ್ಲಿ ಗಡ್ಡವನ್ನು ಬೈತಲೆಯಂತೆ ಸೀಳಿ ಹಿಡಿದ. ಬಿಳಿಯ ನಡುವೆ ಆ ಓರೆ ಗೆರೆ ಕಂಡಿತು. ಅದು ನಿಮಗೆ ಹೇಗೆ ಗೊತ್ತು ಎಂದು ಏಜೆಂಟ್ ಕೇಳಿದ.

"ಬಚ್ಚಲಲ್ಲಿ ಜಾರಿ ಬಿದ್ದೆ ಅಂತ ಇವರು ಊರಿಗೆಲ್ಲ ಹೇಳಿದ್ರು. ಬಿದ್ದಿರಲಿಲ್ಲ. ಅಂಗಡಿ ಹಾಕಿದ ಮೊದಲನೇ ವಾರ, ನನ್ನ ಕೈ ನಡುಗಿ ಕತ್ತಿ ತಪ್ತು."

ಸಾಲಿನಲ್ಲಿ ನಿಂತಿದ್ದವರೆಲ್ಲ ಕೇಳಿಸಿಕೊಂಡರು. ಓಟು ಬೀಳುವ ದಿನವೇ ತನ್ನ ಕೈಯ ತಪ್ಪನ್ನು ತಾನೇ ಸಾರಿದವನನ್ನು ಕೆಲವರು ಹುಚ್ಚನೆಂದುಕೊಂಡರು. ಗುಮಾಸ್ತರು ಅವನನ್ನು ದುರುಗುಟ್ಟಿ ನೋಡಿದರು. ಕಣ್ಣು ಮಾತ್ರ ತೇವವಾಗಿತ್ತು. ಅಧಿಕಾರಿ ಆಕ್ಷೇಪ ತಳ್ಳಿಹಾಕಿದ ಮೇಲೆ ಎಡಗೈಯ ಬೆರಳಿಗೆ ಶಾಯಿ ಹಾಕಿಸಿಕೊಂಡು ಪರದೆಯ ಹಿಂದೆ ಹೋದರು.

ಕ್ಷೌರಿಕ ಹತ್ತೊಂಬತ್ತು ಓಟಿನಿಂದ ಸೋತ. ಖರ್ಚಿನ ಲೆಕ್ಕ ಒಪ್ಪಿಸಿ, ಅಂಗಡಿ ಗೋಡೆಯ ಪೋಸ್ಟರಿನ ಮೇಲಿನ ತನ್ನದೇ ಮುಖವನ್ನು ನೀರು ಹಾಕಿ ಕೆರೆದು ತೆಗೆದ. ಮಾರನೆಯ ಭಾನುವಾರ ಪೆಟ್ಟಿಗೆ ಹಿಡಿದು ಬಂದಾಗ ಗುಮಾಸ್ತರು ಟವೆಲನ್ನು ತಾವೇ ಹೆಗಲಿಗೆ ಹಾಕಿಕೊಂಡು ಕಾಯುತ್ತಿದ್ದರು. ಕತ್ತರಿಯಲ್ಲಿ ಮೊದಲು ಗಡ್ಡ ಇಳಿಸಿದ. ನೊರೆ ಹಚ್ಚಿದ. ಕತ್ತಿ ಕೆನ್ನೆಯಿಂದ ಕೆಳಗಿಳಿಯಿತು.

"ಅಲ್ಲಯ್ಯಾ," ಎಂದರು ಗುಮಾಸ್ತರು, "ನನ್ನ ಓಟು ಯಾರಿಗೆ ಬಿತ್ತು ಅಂತ ಒಂದು ದಿನಾನೂ ಕೇಳಲಿಲ್ಲವಲ್ಲ ನೀನು. ನಾನು—"

ಕ್ಷೌರಿಕ ಎರಡು ಬೆರಳಿಂದ ಅವರ ಗಲ್ಲವನ್ನು ಮೆಲ್ಲಗೆ ಮೇಲೆತ್ತಿದ.

"ಮಾತಾಡಬೇಡಿ ದೊಡ್ಡಪ್ಪ. ಕತ್ತಿ ಗಂಟಲ ಮೇಲಿದೆ."